ಹಿಂದಿನ ಸಾಲಿನ ತುಂಗಕ್ಕ

ಯಾರಾದರೂ ಜಾರಿ ಬಿದ್ದರೆ ತುಂಗಕ್ಕ ನಗುತ್ತಿದ್ದಳು. ಬಾಯಿಗೆ ಸೆರಗು ಹಿಡಿದು ನಗುವ ನಗೆಯಲ್ಲ ಅದು. ಸೊಂಟದ ಮೇಲೆ ಕೈಯಿಟ್ಟು, ತಲೆ ಹಿಂದಕ್ಕೆ ಹಾಕಿ, ಎಲೆಯಡಿಕೆಯಿಂದ ಕೆಂಪಾದ ಹಲ್ಲುಗಳನ್ನೆಲ್ಲ ತೋರಿಸಿ ನಗುತ್ತಿದ್ದಳು. ಭಾಂಡುಪಿನ ತಗಡಿನ ಶೆಡ್ಡಿನಲ್ಲಿ ನಮ್ಮ ರಿಹರ್ಸಲ್ ನಡೆಯುತ್ತಿತ್ತು. ಸಿಮೆಂಟಿನ ನೆಲ, ಮಳೆಗಾಲದಲ್ಲಿ ಬೆವರುತ್ತಿತ್ತು. ಅಲ್ಲಿ ಬೀಳದೆ ಉಳಿದವರೇ ಇಲ್ಲ. ಬಿದ್ದವಳು ಮೊಣಕಾಲು ಹಿಡಿದುಕೊಂಡು ಅಳತೊಡಗಿದರೆ ನಗು ಇನ್ನೂ ಜೋರಾಗುತ್ತಿತ್ತು. ಅವಳು ಎದ್ದು ತನ್ನ ಜಾಗದಲ್ಲಿ ನಿಂತ ಮೇಲೇ ಅದು ನಿಲ್ಲುವುದು.

“ನಕ್ಕರ ಅವಮಾನ ಆಗತೈತಿ. ಅವಮಾನ ಆದ್ರ ಲಗೂನ ಏಳ್ತೀರಿ. ಕನಿಕರ ಮಾಡಿದ್ರ ಅಲ್ಲೇ ಕುಂಡ್ರತೀರಿ,” ಎನ್ನುತ್ತಿದ್ದಳು. ಅದು ಪಾಠವೋ, ಬಿದ್ದವರನ್ನು ಕಂಡರೆ ಅವಳಿಗೆ ನಿಜಕ್ಕೂ ಖುಷಿಯೋ, ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಎರಡೂ ಇರಬಹುದು.

ಎದುರಿಗೆ ನಾವು ಅವಳನ್ನು ‘ನೀವು’ ಎನ್ನುತ್ತಿದ್ದೆವು, ಹಿಂದಿನಿಂದ ‘ಅವಳು’. ಬರೆಯಲು ಕೂತಾಗಲೂ ಆ ಚಾಳಿ ಹೋಗುತ್ತಿಲ್ಲ. ಅವಳಿಗೆ ಬಹುವಚನ ಕೊಡುವಷ್ಟು ನನ್ನ ಮನಸ್ಸು ಇನ್ನೂ ದೊಡ್ಡದಾಗಿಲ್ಲ ಎಂದರೂ ಸರಿಯೇ.

ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಬೊಂಬಾಯಿಯ ಹಿಂದಿ ಸಿನಿಮಾಗಳಲ್ಲಿ ನಾಯಕಿ ಒಬ್ಬಳೇ ಕುಣಿದರೆ ಸಾಲುತ್ತಿರಲಿಲ್ಲ. ಅವಳ ಹಿಂದೆ ಒಂದೇ ಬಣ್ಣದ ಲಂಗ ತೊಟ್ಟ ಹುಡುಗಿಯರ ಹಿಂಡು ಬೇಕೇಬೇಕು. ಆ ಹಿಂಡಿನಲ್ಲಿ ನಾನೂ ಒಬ್ಬಳಾಗಿದ್ದೆ. ಡಾನ್ಸ್ ಮಾಸ್ಟರು ಎನ್ನಿಸಿಕೊಂಡ ದೊಡ್ಡ ಮನುಷ್ಯರು ಸ್ಟುಡಿಯೋದಲ್ಲಿ ಕುರ್ಚಿ ಹಾಕಿಕೊಂಡು ಕೂತು ‘ಹೀಗಿರಲಿ’ ಎಂದು ಗಾಳಿಯಲ್ಲಿ ಕೈಯಾಡಿಸುತ್ತಿದ್ದರು. ಅದನ್ನು ನಮ್ಮ ಕಾಲುಗಳಿಗೆ ಇಳಿಸುವುದು ಅವರ ಅಸಿಸ್ಟೆಂಟ್ ತುಂಗಕ್ಕನ ಕೆಲಸ. ಅವಳು ಗದಗಿನ ಕಡೆಯವಳು, ಚಿಕ್ಕಂದಿನಿಂದ ನಾಟಕ ಕಂಪನಿಯಲ್ಲಿ ಬೆಳೆದವಳು. ಕಂಪನಿ ಸೊಲ್ಲಾಪುರದಲ್ಲಿ ಮುಳುಗಿದಾಗ ಪರದೆ, ಪೆಟ್ಟಿಗೆ, ಕಿರೀಟಗಳನ್ನು ಸಾಲಗಾರರು ಹೊತ್ತುಕೊಂಡು ಹೋದರಂತೆ. ಇವಳು ಹಾರ್ಮೋನಿಯಂ ಮಾಸ್ತರನ ಜೊತೆ ರೈಲು ಹತ್ತಿ ದಾದರಿನಲ್ಲಿ ಇಳಿದಳು. ಮಾಸ್ತರ ಸ್ವಲ್ಪ ದಿನಕ್ಕೇ ಕೈಬಿಟ್ಟ. “ಬಾರಿಸೋ ಪೆಟಗಿ ಒಯ್ದ, ನನ್ನ ಬಿಟ್ಟ. ಶಾಣ್ಯಾ ಇದ್ದ,” ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

ನಮ್ಮ ಮನೆ ಘಾಟ್ಕೋಪರಿನಲ್ಲಿ. ಮೈಸೂರಿನಿಂದ ಬಂದು ಒಂದು ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದ ಅಪ್ಪ, ನಾನು ಮೆಟ್ರಿಕ್ ಮುಗಿಸುವ ಮೊದಲೇ ತೀರಿಕೊಂಡರು. ಶಾಲೆಯ ಗ್ಯಾದರಿಂಗಿನಲ್ಲಿ ಕುಣಿದು ಕಪ್ಪು ಗೆದ್ದವಳು ನಾನು, ಬೇರೆ ವಿದ್ಯೆ ಇರಲಿಲ್ಲ. ಅಮ್ಮ ಬಿಲ್ಡಿಂಗಿನವರಿಗೆಲ್ಲ ‘ಪದ್ಮ ಹೊಲಿಗೆ ಕ್ಲಾಸಿಗೆ ಹೋಗ್ತಾಳೆ’ ಎಂದು ಹೇಳಿಟ್ಟಿದ್ದಳು. ಮೊದಲ ದಿನ ತುಂಗಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಊರು ಕೇಳಿದಳು.

“ಮೈಸೂರು ಕಡೆ,” ಎಂದೆ.

“ಅದಕ! ಮೈಸೂರ ಪಾಕ. ಮುಟ್ಟಿದ್ರ ಉದುರತಾಳ,” ಎಂದಳು. ಅಲ್ಲಿಂದ ನನ್ನ ಹೆಸರು ಪಾಕ ಆಯಿತು.

ಎಲ್ಲರಿಗೂ ಇಂಥ ಹೆಸರಿತ್ತು. ಒಬ್ಬಳು ಹಪ್ಪಳ, ಒಬ್ಬಳು ಚರಗಿ. ಗಂಡ ಬಿಟ್ಟು ಹೋಗಿದ್ದ ಒಬ್ಬಳನ್ನು ಎಲ್ಲರೆದುರು ‘ಮುತ್ತೈದಿ’ ಎಂದು ಕೂಗುತ್ತಿದ್ದಳು. ಆ ಹುಡುಗಿ ಮೂಲೆಯಲ್ಲಿ ಕೂತು ಅತ್ತದ್ದೇ ಅತ್ತದ್ದು. ಅಳುವುದನ್ನು ಅವಳು ನಿಲ್ಲಿಸಿದ ಮೇಲೆ ತುಂಗಕ್ಕ ಆ ಹೆಸರನ್ನೂ ನಿಲ್ಲಿಸಿ, ಅವಳ ನಿಜವಾದ ಹೆಸರಿನಿಂದಲೇ ಕರೆಯತೊಡಗಿದಳು. ಇದನ್ನು ಒಳ್ಳೆಯತನ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಕಾಲು ಊದಿಕೊಂಡಾಗ ಎಳ್ಳೆಣ್ಣೆ ಬಿಸಿ ಮಾಡಿ ತಂದು, ಬೈಯುತ್ತಲೇ ನಮ್ಮ ಹಿಮ್ಮಡಿ ತಿಕ್ಕುತ್ತಿದ್ದವಳೂ ಅವಳೇ. ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿಕೊಂಡು ತಂದು, ಮನೆಯಿಂದ ಉಪವಾಸ ಬಂದವರ ಕೈಗೆ ತುರುಕುತ್ತಿದ್ದಳು. “ತಿನ್ನು. ಚಕ್ಕರ ಬಂದು ಬಿದ್ದರ ಸಾಲು ಕೆಡತೈತಿ,” ಎನ್ನುವಳು. ನಮಗಿಂತ ಅವಳಿಗೆ ಸಾಲಿನದೇ ಚಿಂತೆ ಎಂದು ನಾವು ಅಂದುಕೊಳ್ಳಬೇಕಿತ್ತು. ಅಂದುಕೊಳ್ಳುತ್ತಿದ್ದೆವು ಕೂಡ.

ಆ ಸಾಲಿನ ವಿಷಯ ಸ್ವಲ್ಪ ಹೇಳಬೇಕು. ಗ್ರೂಪ್ ಡಾನ್ಸಿನಲ್ಲಿ ಸಾಲು ಎಂದರೆ ಜಾತಿ ಇದ್ದ ಹಾಗೆ. ಬಿಳುಪಾಗಿದ್ದವರು, ಮೂಗು ಕಣ್ಣು ತಿದ್ದಿದಂತಿದ್ದವರು ಮುಂದಿನ ಸಾಲು. ಕಪ್ಪಗಿದ್ದವರು, ವಯಸ್ಸು ಇಳಿಯುತ್ತಿದ್ದವರು ಹಿಂದಿನ ಸಾಲು. ಚೆನ್ನಾಗಿ ಕುಣಿಯುವವರನ್ನೂ ಎಷ್ಟೋ ಸಲ ಹಿಂದೆಯೇ ನಿಲ್ಲಿಸುತ್ತಿದ್ದರು, ಏಕೆಂದರೆ ಹಿಂದಿನವರು ತಪ್ಪಿದರೆ ಇಡೀ ಹಿಂಡು ತಪ್ಪಿದಂತೆ ಕಾಣುತ್ತದೆ. ಮುಂದಿನವರ ಮುಖವಾದರೂ ನಾಯಕಿಯ ಭುಜದ ಪಕ್ಕದಲ್ಲಿ ಒಮ್ಮೊಮ್ಮೆ ಹಾದು ಹೋಗುವುದು. ಹಿಂದಿನವರು ಬರೀ ಲಂಗದ ಬಣ್ಣ.

ತುಂಗಕ್ಕನ ಪದ್ಧತಿ ಮಾತ್ರ ಬೇರೆ ಯಾವ ಅಸಿಸ್ಟೆಂಟಿಗೂ ಇರಲಿಲ್ಲ. ನಮ್ಮ ಭಾಗದ ಕುಣಿತ ಕಲಿಸಿದ ಮೇಲೆ ನಾಯಕಿಯ ಭಾಗವನ್ನೂ ಒಬ್ಬೊಬ್ಬರಿಗೂ ಪೂರ್ತಿ ಕಲಿಸುತ್ತಿದ್ದಳು. ಕಣ್ಣು, ಕೈ, ತುಟಿಯಲ್ಲಿ ಹಾಡು ಎಲ್ಲವೂ ಬರಬೇಕು. ಎರಡು ಪಟ್ಟು ದುಡಿಮೆ. ನಾಯಕಿಯ ಭಾಗ ನಮಗೇಕೆ ಎಂದು ಗೊಣಗಿದರೆ ಕೈಯಲ್ಲಿದ್ದ ಬೆತ್ತ ಮೀನಖಂಡಕ್ಕೆ ಬೀಳುತ್ತಿತ್ತು.

“ಒಂದ ದಿನ ಕರೀತಾರ. ಕರದಾಗ ‘ನನಗ ಬರಂಗಿಲ್ರಿ’ ಅಂತೀಯೇನ? ಆಗ ನಾನ ನಿನ್ನ ಕೊಲ್ತೀನಿ.”

ಕರೆಯುತ್ತಾರೆ ಎಂಬ ಈ ನಂಬಿಕೆ ಅವಳಿಗೆ ಬಂದದ್ದು ಒಂದು ಹಳೆಯ ಇಂಗ್ಲಿಷ್ ಪಿಕ್ಚರಿನಿಂದ. ಫೋರ್ಟಿನ ಒಂದು ಥಿಯೇಟರಿನಲ್ಲಿ ಭಾನುವಾರದ ಬೆಳಗಿನ ಆಟಕ್ಕೆ ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ತಿರುಗಿಸಿ ತಿರುಗಿಸಿ ಹಾಕುತ್ತಿದ್ದರು. ಈ ಪಿಕ್ಚರು ಬಂತೆಂದರೆ ತುಂಗಕ್ಕ ಹೊಸ ಹುಡುಗಿಯರನ್ನು ಕೋಳಿಮರಿಗಳ ಹಾಗೆ ಲೋಕಲಿನಲ್ಲಿ ಹತ್ತಿಸಿಕೊಂಡು ಹೊರಡುತ್ತಿದ್ದಳು. ಅವಳಿಗೆ ಇಂಗ್ಲಿಷು ‘ಎಸ್’, ‘ನೋ’ಗಿಂತ ಮುಂದೆ ಹೋಗಿರಲಿಲ್ಲ. ಅದೇನೂ ಅಡ್ಡಿಯಾಗಲಿಲ್ಲ. ಪರದೆಯ ಮೇಲೆ ಅವರು ಮಾತಾಡುತ್ತಿದ್ದ ಹಾಗೇ ಇವಳು ಕತ್ತಲೆಯಲ್ಲಿ ದೊಡ್ಡ ದನಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು.

“ನೋಡ್ರಿ, ಅಮೇರಿಕಾದಾಗ ಮಿಲ್ಲು ಬಂದ್ ಆಗ್ಯಾವ, ಕೆಲಸಿಲ್ಲ, ಮಂದಿ ಬ್ರೆಡ್ಡಿಗೆ ಪಾಳಿ ಹಚ್ಯಾರ. ಇಂಥಾದ್ರಾಗ ಈ ಕಂಪನೀ ಮಾಲಕ ನಾಟಕ ಎತ್ತ್ಯಾನ. ಆ ಹುಡುಗ್ಯಾರ ನೋಡ್ರಿ, ಹೊಟ್ಟಿಗೆ ಕೂಳಿಲ್ಲ, ಆದ್ರೂ ಕಾಲ ನೋಡ್ರಿ ಹೆಂಗ ಏಳತಾವ!”

ಮುಂದೆ ಕೂತಿದ್ದ ಒಬ್ಬ ಪಾರ್ಸಿ ಮುದುಕ ತಿರುಗಿ ‘ಶ್ಶ್’ ಎಂದ. “ನಿನಗ ತಿಳೀತೈತಿ, ನಮಗ ತಿಳೀಬ್ಯಾಡೇನೋ ಅಪ್ಪಾ?” ಎಂದು ಕನ್ನಡದಲ್ಲೇ ಕೇಳಿದಳು. ಆತ ಪಾಪ ಸೀಟು ಬದಲಾಯಿಸಿದ.

ಒಂದು ಕಡೆ ಕ್ಯಾಮೆರಾ ಛಾವಣಿಯಿಂದ ಕೆಳಕ್ಕೆ ನೋಡುತ್ತದೆ. ಹುಡುಗಿಯರೆಲ್ಲ ಸೇರಿ ಒಂದು ಹೂವಾಗಿ ಅರಳುತ್ತಾರೆ. ನಾವು ಅಬ್ಬಾ ಎಂದು ಬಾಯಿ ಬಿಟ್ಟೆವು. “ಹೂವ ಕಾಣತೈತಿ, ಹೌದು. ಒಂದೊಂದ ಎಸಳೂ ಒಂದೊಂದ ಹುಡುಗಿ. ಯಾವ ಎಸಳಿನ ಹೆಸರ ಗೊತ್ತೈತಿ ನಿಮಗ?” ಎಂದು ನಮ್ಮ ಖುಷಿಗೆ ತಣ್ಣೀರು ಹಾಕಿದಳು. ಆಮೇಲೆ ಆಟದ ಹಿಂದಿನ ದಿನ ನಾಯಕಿಯ ಕಾಲು ಮುರಿಯುತ್ತದೆ. ಸಾಲಿನಲ್ಲಿದ್ದ ಒಂದು ಬಡಪಾಯಿ ಹುಡುಗಿಯನ್ನು ಕರೆಯುತ್ತಾರೆ. ಅವಳು ಹೋಗಿ ಕುಣಿದು ರಾಣಿಯಾಗುತ್ತಾಳೆ. ಅಲ್ಲಿಗೆ ಬಂದಾಗ ತುಂಗಕ್ಕ ಕನ್ನಡ ಹೇಳುವುದನ್ನು ನಿಲ್ಲಿಸಿಬಿಡುತ್ತಿದ್ದಳು. ಪರದೆಯ ಬೆಳಕಿನಲ್ಲಿ ಅವಳ ಮುಖ ನೋಡಿದ್ದೇನೆ. ದೇವರ ಮುಂದೆ ನಿಂತವರ ಮುಖವೂ ಅಷ್ಟು ಮೆತ್ತಗಿರುವುದಿಲ್ಲ.

ಅವಳಲ್ಲಿ ಧೈರ್ಯವೂ ಇತ್ತು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಬ್ಬ ಪ್ರೊಡಕ್ಷನ್ ಮ್ಯಾನೇಜರು ಹುಡುಗಿಯರಿಗೆ ಚಹಾ ಕೊಡುವ ನೆವದಲ್ಲಿ ಕೈ ಹಿಡಿಯುತ್ತಿದ್ದ. ದೂರು ಕೊಟ್ಟರೆ ನಮ್ಮದೇ ಕೆಲಸ ಹೋಗುತ್ತಿತ್ತು. ತುಂಗಕ್ಕ ಯಾರಿಗೂ ದೂರು ಹೇಳಲಿಲ್ಲ. ಹತ್ತಿರ ಹೋಗಿ ಅವನ ಕೈಯನ್ನು ಎತ್ತಿಕೊಂಡು, ಮಣಿಕಟ್ಟಿನ ಹತ್ತಿರ ಕಚ್ಚಿಬಿಟ್ಟಳು. ಅವನ ಕಿರುಚಾಟಕ್ಕೆ ಸೆಟ್ಟಿನವರೆಲ್ಲ ಓಡಿ ಬಂದರು. “ಸಾಬ್ ನೇ ಪಾನ್ ಮಾಂಗಾ ಥಾ, ಮೈ ಸಮಝೀ ನಹೀಂ,” ಎಂದಳು; ಸಾಹೇಬರು ಪಾನ್ ಕೇಳಿದ್ದು ತಿಳಿಯದೆ ಹೋಯಿತು ಎಂಬ ಹಾಗೆ ಮುಗ್ಧೆಯಾಗಿ ನಿಂತಳು. ಆಮೇಲೆ ಬಹಳ ದಿನ ಅವನು ಪೂರ್ತಿ ತೋಳಿನ ಶರ್ಟು ಹಾಕಿಕೊಂಡು ಓಡಾಡಿದ. ಇಂಥವಳು ನಮ್ಮವಳು ಎಂದು ಆಗ ನಮಗೆ ಹೆಮ್ಮೆ.

ಇನ್ನು ಲೀಲಾಳ ಮಾತು.

ಲೀಲಾ ದಹಿಸರಿನಿಂದ ಬರುತ್ತಿದ್ದಳು. ಅವಳ ಅಪ್ಪ ಸಿಂದಗಿ ಕಡೆಯಿಂದ ಬಂದು ಕಟ್ಟಡದ ಕೆಲಸದಲ್ಲಿ ಆಳುಗಳ ಮೇಲಿನ ಮುಕಾದಮನಾಗಿದ್ದ. ಹುಡುಗಿ ಕಪ್ಪು, ತೆಳ್ಳಗೆ, ಆದ್ದರಿಂದ ಹಿಂದಿನ ಸಾಲು. ಕುಣಿಯಲು ನಿಂತಳೆಂದರೆ ಮಾತ್ರ ನಾವು ನಮ್ಮ ಕೆಲಸ ಮರೆತು ನೋಡುತ್ತಿದ್ದೆವು. ತುಂಗಕ್ಕ ಹೆಸರಿಡದೆ ಬಿಟ್ಟಿದ್ದ ಹುಡುಗಿ ಅವಳೊಬ್ಬಳೇ. ಊರಿನಲ್ಲಿ ಲೀಲಾಳ ಸೋದರಮಾವನಿಗೆ ಹೆಂಡತಿ ಸತ್ತು ಇಬ್ಬರು ಮಕ್ಕಳಿದ್ದರು. ನಮ್ಮ ಜನರಲ್ಲಿ ಇರುವುದೇ ಹಾಗಲ್ಲವೇ, ಅಕ್ಕನ ಮಗಳ ಮೇಲೆ ಮಾವನ ಹಕ್ಕು ಮೊದಲು. ಲೀಲಾ ಅತ್ತಳು, ಊಟ ಬಿಟ್ಟಳು. ಕೊನೆಗೆ ಅಪ್ಪ ಒಂದು ಮಾತು ಹೇಳಿದನಂತೆ. ಅದನ್ನು ಅವಳು ನನಗೆ ಅಪ್ಪನ ದನಿಯಲ್ಲೇ ಹೇಳಿ ತೋರಿಸಿದ್ದಳು:

“ಸಿನಿಮಾದಾಗ ಅದೇನಿ, ಅದೇನಿ ಅಂತೀ. ಪಡದೇ ಮ್ಯಾಲ ಒಮ್ಮಿ ನಿನ್ನ ಮಾರಿ ತೋರಸು, ನಿನ್ನ ಕಾಲಿಗೆ ಬೀಳತೇನಿ, ನಿನ್ನ ತಂಟೇಕ ಬರಂಗಿಲ್ಲ. ಇಲ್ಲಂದ್ರ ದೀಪಾವಳಿ ಆದ ಮ್ಯಾಲ ಮಾವನ ಜೋಡಿ ಅಕ್ಕಿಕಾಳು.”

ಅಷ್ಟು ಸಾಕಾಗಿತ್ತು ಅವಳಿಗೆ. ಒಮ್ಮೆ ಮುಖ ಕಂಡರೆ ಸಾಕು. ತುಂಗಕ್ಕನಿಗೂ ಇದು ಗೊತ್ತಿತ್ತು. “ಕರೀತಾರ ತಗೋ,” ಎಂದಿದ್ದಳು.

ಕರೆದರು. ಒಂದು ಬೇಸಿಗೆಯ ಮಧ್ಯಾಹ್ನ, ನಾಟಕದ ಥಿಯೇಟರಿನ ಹಾಗೆ ಕಟ್ಟಿದ ದೊಡ್ಡ ಸೆಟ್ಟಿನಲ್ಲಿ ಹಾಡಿನ ಶೂಟಿಂಗ್ ನಡೆಯುತ್ತಿತ್ತು. ನಾಯಕಿ ಮೆಟ್ಟಿಲು ಇಳಿಯುತ್ತ ಕುಣಿಯಬೇಕು. ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿಕೊಂಡಿದ್ದವಳು ಕಾಲು ಹೊರಳಿ ಕೆಳಕ್ಕೆ ಬಂದಳು. ಪಾದ ಕಣ್ಣೆದುರಿಗೇ ಊದಿತು. ಕಾರು ತರಿಸಿ ಕಳಿಸಿದರು. ಸಂಜೆಗೆ ಆ ಸೆಟ್ಟು ಬಿಚ್ಚಬೇಕಿತ್ತು, ಮರುದಿನ ಅಲ್ಲಿ ಬೇರೆಯವರದು. ಹಾಡಿನಲ್ಲಿ ಇನ್ನೂ ದೊಡ್ಡ ಭಾಗ ಉಳಿದಿತ್ತು. ಡೈರೆಕ್ಟರು ತಲೆ ಹಿಡಿದುಕೊಂಡು ಕೂತರು, ಮಾಸ್ಟರು ಕಂಡಕಂಡವರಿಗೆ ಬೈಯತೊಡಗಿದರು. ಆಗ ತುಂಗಕ್ಕ ಮುಂದೆ ಹೋದಳು.

“ಸಾಬ್, ಮೇರೇ ಪಾಸ್ ಲಡಕೀ ಹೈ. ಪೂರಾ ಆತಾ ಹೈ.”

ಪೂರ್ತಿ ಕುಣಿತ ಬರುವ ಹುಡುಗಿ ತನ್ನಲ್ಲಿದ್ದಾಳೆ ಎಂದು. ಇಂಗ್ಲಿಷ್ ಪಿಕ್ಚರು ನಮ್ಮೆದುರಿಗೇ ನಡೆಯುತ್ತಿತ್ತು. ಲೀಲಾಳನ್ನು ಹಿಂದಿನ ಸಾಲಿನಿಂದ ಎಳೆದು ತಂದು ನಾಯಕಿಯ ಜರಿಯ ಉಡುಪು ತೊಡಿಸಿದರು. ಸಡಿಲಾದ ಕಡೆ ತುಂಗಕ್ಕ ನಿಂತ ನಿಲುವಿನಲ್ಲೇ ಹೊಲಿಗೆ ಹಾಕಿದಳು. ಮಾಸ್ಟರು ಬಂದು ನೋಡಿ, ಮುಖ ಮುಚ್ಚುವ ಹಾಗೆ ಓಢಣಿಯ ಘೂಂಘಟ್ ಎಳೆಸಿದರು. ಕ್ಯಾಮೆರಾಕ್ಕೆ ಬೆನ್ನು, ಕಾಲು, ಕೈ ಸಾಕು. ನಾಯಕಿಯ ಮುಖವನ್ನು ಆಮೇಲೆ ಬೇರೆ ತೆಗೆದು ಜೋಡಿಸುತ್ತಾರೆ. ಇದು ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಆ ಹೊತ್ತಿಗೆ ಅದು ಲೀಲಾಗೂ ನೆನಪಿರಲಿಲ್ಲ, ನನಗೂ ನೆನಪಿರಲಿಲ್ಲ.

ಅವಳು ಕುಣಿದಳು. ನಾನು ಅವಳ ಹಿಂದೆ, ಅವಳು ಬಿಟ್ಟು ಹೋದ ಜಾಗದ ಪಕ್ಕದಲ್ಲೇ ಕುಣಿಯುತ್ತಿದ್ದೆ. ಉದ್ದನೆಯ ಒಂದೇ ಶಾಟ್. ಕೊನೆಯ ಸುತ್ತಿನಲ್ಲಿ ಅವಳು ಎಷ್ಟು ರಭಸದಿಂದ ತಿರುಗಿದಳೆಂದರೆ ಓಢಣಿ ಹಾರಿ ತಲೆಯ ಹಿಂದೆ ಬಿತ್ತು. ಮುಖ ಪೂರ್ತಿ ದೀಪಕ್ಕೆ ಬಂತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅಷ್ಟು ಚೆಂದ ಅವಳು ಯಾವತ್ತೂ ಕಂಡಿರಲಿಲ್ಲ. ಮರುಗಳಿಗೆಯಲ್ಲಿ ಓಢಣಿ ಮತ್ತೆ ಮುಂದಕ್ಕೆ ಬಂತು. ಹಾಡು ಮುಗಿಯಿತು. ಸೆಟ್ಟಿನವರೆಲ್ಲ ಚಪ್ಪಾಳೆ ಹೊಡೆದರು, ಮೇಲೆ ದೀಪ ಹಿಡಿದಿದ್ದವರೂ ಹೊಡೆದರು. ಡೈರೆಕ್ಟರು ಗಡಿಯಾರ ನೋಡಿಕೊಂಡು ಓಕೆ ಎಂದರು. ಗಡಿಬಿಡಿಯಲ್ಲಿ ಅವರು ಮುಖ ಕಂಡದ್ದನ್ನು ಗಮನಿಸಿರಲಿಲ್ಲವೋ, ಗಮನಿಸಿಯೂ ಹೋಗಲಿ ಬಿಡು ಎಂದರೋ. ಬೇರೆ ಶಾಟ್ ತೆಗೆಯದಿದ್ದರೆ ಅದನ್ನೇ ಇಟ್ಟುಕೊಳ್ಳಬೇಕಾಗುತ್ತಿತ್ತು. ಲೀಲಾ ನನ್ನ ಕಡೆ ತಿರುಗಿ ನೋಡಿದಳು. ಮುಖ ಕಂಡದ್ದು ಅವಳಿಗೆ ಗೊತ್ತಾಗಿತ್ತು.

ಆಗ ತುಂಗಕ್ಕ ಕೈ ಎತ್ತಿದಳು.

“ಸಾಬ್, ಘೂಂಘಟ್ ಉಠ್ ಗಯಾ ಥಾ. ಚೆಹರಾ ಆ ಗಯಾ.”

ಘೂಂಘಟ್ ಎದ್ದು ಮುಖ ಕಂಡಿತೇ ಎಂದು ಯಾರೂ ಕೇಳಿರಲಿಲ್ಲ. ಯಾರೂ ಅವಳ ಕಡೆ ನೋಡಿಯೂ ಇರಲಿಲ್ಲ. ಮಾಸ್ಟರು ಹಣೆ ಬಡಿದುಕೊಂಡು, ಒನ್ ಮೋರ್ ಎಂದು ಕೂಗಿದರು. ತುಂಗಕ್ಕ ಲೀಲಾಳ ಹತ್ತಿರ ಹೋಗಿ, ಬಾಯಲ್ಲಿ ಸೇಫ್ಟಿ ಪಿನ್ನುಗಳನ್ನು ಕಚ್ಚಿ ಹಿಡಿದು, ಒಂದೊಂದಾಗಿ ತೆಗೆದು ಓಢಣಿಯನ್ನು ಅವಳ ಕೂದಲಿಗೂ ರವಿಕೆಗೂ ಸೇರಿಸಿ ಚುಚ್ಚಿದಳು. ಒಂದು ಪಿನ್ನು ತಲೆಯ ಚರ್ಮಕ್ಕೇ ಹೊಕ್ಕಿತೆಂದು ಕಾಣುತ್ತದೆ, ಲೀಲಾ ಸಣ್ಣಗೆ ಉಸಿರೆಳೆದಳು. ಎರಡನೆಯ ಸಲ ಮೊದಲಿಗಿಂತ ಚೆನ್ನಾಗಿ ಕುಣಿದಳು. ಓಢಣಿ ಅಲ್ಲಾಡಲಿಲ್ಲ.

ಸಂಜೆ ಲೀಲಾ ದಹಿಸರಿಗೆ ಹೋದಳು. ನಾನೂ ತುಂಗಕ್ಕನೂ ಕುರ್ಲಾದಿಂದ ಒಂದೇ ಲೋಕಲು. ಸೀಟು ಸಿಕ್ಕ ಕೂಡಲೇ ಸಿಟ್ಟಿನಿಂದ ಅವಳ ಕಡೆ ತಿರುಗಿದೆ.

“ಯಾಕೆ ಹೇಳಿದ್ರಿ? ಯಾರೂ ನೋಡಿರಲಿಲ್ಲ,” ಎಂದೆ.

“ನಾ ನೋಡಿದ್ದೆನಲ್ಲ.”

“ಅವಳ ಅಪ್ಪ ಹೇಳಿರೋದು ನಿಮಗೆ ಗೊತ್ತಿತ್ತು.”

“ಗೊತ್ತಿತ್ತು. ಆ ಮಾರಿ ಪಡದೇ ಮ್ಯಾಲ ಬಂದಿದ್ರ ಆ ಹೀರೋಯಿನ್ ಬಿಡತಿದ್ಲೇನ? ನಾಳಿಂದ ನಿಮ್ಮೆಲ್ಲರ್ನೂ ಗೇಟಿನ ಹೊರಗ ನಿಂದ್ರಸ್ತಿದ್ಲು. ನೀನ ಬಂದು ಅಳತಿದ್ದಿ ನನ್ನ ಮುಂದ.”

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಘಾಟ್ಕೋಪರ್ ಬಂದಾಗ ನಾನು ಹೇಳದೆ ಕೇಳದೆ ಎದ್ದು ಬಾಗಿಲಿಗೆ ಹೋದೆ. ಗುಂಪಿನ ಮಧ್ಯದಿಂದ ಅವಳ ದನಿ ಕೇಳಿಸಿತು. ಯಾವತ್ತೂ ಕೇಳದಿದ್ದ ಸಣ್ಣ ದನಿ.

“ಪಾಕಾ, ಸೊಲ್ಲಾಪುರದಾಗ ನಮ್ಮ ನಾಯಕಿ ಜ್ವರ ಬಂದು ಮಲಗಿದ್ಲು. ನನಗ ಎಲ್ಲಾ ಮಾತು, ಎಲ್ಲಾ ಪದ ಬರ್ತಿದ್ವು. ಬಣ್ಣ ಹಚಗೊಂಡು ಕುಂತಿದ್ದೆ. ಮಾಲಕ ಆಟ ಬಂದ್ ಮಾಡಿದ, ನನ್ನ ಕರೀಲಿಲ್ಲ. ನನ್ನ ಯಾರ ಕರೆದ್ರು?”

ನಾನು ಇಳಿದೆ, ರೈಲು ಹೊರಟಿತು. ಹೀರೋಯಿನ್ ಭಯದಿಂದ ಅವಳು ಕೈ ಎತ್ತಿದಳೆಂದು ನಾನು ನಂಬಲಿಲ್ಲ, ಇದನ್ನು ನಂಬಿದೆ. ನಂಬಿದ್ದರಿಂದ ಕ್ಷಮಿಸಲು ಆಗಲಿಲ್ಲ. ತನಗೆ ಸಿಗದ್ದು ತಾನೇ ಬೆಳೆಸಿದ ಹುಡುಗಿಗೆ ಸಿಕ್ಕಿದ ಗಳಿಗೆಯಲ್ಲಿ ಆ ಕೈ ತಾನಾಗಿ ಮೇಲೆದ್ದಿತ್ತು. ಅಷ್ಟೇ ವಿಷಯ.

ಲೀಲಾ ಮಾತ್ರ ಆಸೆ ಬಿಟ್ಟಿರಲಿಲ್ಲ. ಮೊದಲನೆಯ ಶಾಟನ್ನೇ ಇಟ್ಟಿರಬಹುದು, ಎಡಿಟಿಂಗಿನವರಿಗೆ ಅದೇ ಹಿಡಿಸಿರಬಹುದು ಎನ್ನುತ್ತಿದ್ದಳು. ದಸರೆಯ ಸುಮಾರಿಗೆ ಪಿಕ್ಚರು ಬಂತು. ಅಪ್ಪನನ್ನೂ, ಅದಕ್ಕೆಂದೇ ಊರಿನಿಂದ ಬಂದಿದ್ದ ಸೋದರಮಾವನನ್ನೂ ಕರೆದುಕೊಂಡು ಹೋದಳು, ಧೈರ್ಯಕ್ಕೆ ನನ್ನನ್ನೂ. ಹಾಡು ಬಂತು. ಲೀಲಾಳ ಬೆನ್ನು ಬಂತು, ಅವಳ ಪಾದಗಳು ಪರದೆಯ ತುಂಬ ಬಂದವು, ಜನ ಸೀಟಿ ಹೊಡೆದರು. ಕೊನೆಯ ಸುತ್ತು ಬಂದಾಗ ಅವಳು ನನ್ನ ಕೈ ಹಿಡಿದುಕೊಂಡಳು. ಓಢಣಿ ಅಲ್ಲಾಡಲಿಲ್ಲ. ಆ ಶಾಟಿನ ಹಿಂದೆಯೇ ನಾಯಕಿಯ ಮುಖ, ದೊಡ್ಡದಾಗಿ, ನಗುತ್ತ.

“ಎಲ್ಲದಿಯವಾ ನೀ?” ಎಂದು ಅಪ್ಪ ಕೇಳಿದ. ಕುಹಕ ಇರಲಿಲ್ಲ ಆ ಪ್ರಶ್ನೆಯಲ್ಲಿ, ಪಾಪ ಅವನು ನಿಜಕ್ಕೂ ಹುಡುಕುತ್ತಿದ್ದ. ದೀಪಾವಳಿಯಾದ ಮೇಲೆ ಅಕ್ಕಿಕಾಳು ಬಿದ್ದವು. ತುಂಗಕ್ಕ ಮದುವೆಗೆ ಹೋಗಿ ಜರಿಯಂಚಿನ ಸೀರೆ ಉಡುಗೊರೆ ಕೊಟ್ಟು ಬಂದಳಂತೆ. ನಾನು ಹೋಗಲಿಲ್ಲ. ಆ ವರ್ಷವೇ ಆ ಲೈನು ಬಿಟ್ಟು ಘಾಟ್ಕೋಪರಿನಲ್ಲಿ ಒಂದು ರೆಡಿಮೇಡ್ ಕಾರ್ಖಾನೆಗೆ ಸೇರಿಕೊಂಡೆ. ಅಮ್ಮ ಹೇಳುತ್ತಿದ್ದ ಹೊಲಿಗೆಯ ಸುಳ್ಳು ಕೊನೆಗೂ ನಿಜವಾಯಿತು.

ಲೀಲಾಳನ್ನು ಮತ್ತೆ ನೋಡಿದ್ದು ಅವಳು ಬಾಣಂತನಕ್ಕೆ ತವರಿಗೆ ಬಂದಾಗ. ದಹಿಸರಿನ ಆ ಖೋಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾನು ಮಾತಾಡಿದಾಗಲೆಲ್ಲ ತಲೆ ಓರೆ ಮಾಡಿ ಬಲಗಿವಿಯನ್ನು ನನ್ನ ಕಡೆ ತರುತ್ತಿದ್ದಳು. ಯಾಕೆ ಎಂದೆ.

“ನಮ್ಮೂರಿಗೆ ಟೆಂಟಿನ ಸಿನಿಮಾ ಬಂದಿತ್ತು ಪದ್ಮಾ. ಅದ ಪಿಕ್ಚರು. ನಮ್ಮ ಮಾವ ಎಲ್ಲಾರ್ಗೂ ಹೇಳಿ ಕರಕೊಂಡ ಹ್ವಾದಾ, ನನ್ನ ಹೇಣ್ತಿ ಇದರಾಗ ಕುಣದಾಳ ಅಂತ. ಕಾಲ ಬಂದ್ವು. ನೋಡ್ರಿ, ಇವ ನನ್ನ ಕಾಲ ಅಂದೆ. ಎಲ್ಲಾರೂ ನಕ್ಕರು. ‘ಕಾಲಿಗೇನ ಹೆಸರ ಬರದಿರತೈತೇನ? ಮಾರಿ ಎಲ್ಲಿ?’ ಅಂದ್ರು. ಮಾರಿ ಬಂತು, ಆಕೀದು. ಮಾವಗ ಬಾಳ ಅವಮಾನ ಆತು. ಮನೀಗೆ ಬಂದು ಸುಳ್ಳ ಹೇಳತೀ ಅಂತ ಹೊಡದಾ. ಅವತ್ತಿಂದ ಈ ಎಡಗಿವಿ ಬಂದ್ ಆಗೇತಿ. ಡೋಲಿನ ಪೆಟ್ಟೂ ಕೇಳಂಗಿಲ್ಲ.”

ಇಷ್ಟನ್ನು ಅವಳು ಅಡುಗೆಗೆ ಉಪ್ಪು ಕಡಿಮೆಯಾಯಿತು ಎನ್ನುವಷ್ಟು ಸಲೀಸಾಗಿ ಹೇಳಿದಳು. ಆಮೇಲೆ, “ತುಂಗಕ್ಕ ಆರಾಮ ಅದಾರೇನ?” ಎಂದು ಕೇಳಿದಳು.

ಮುಂದಿನ ಭಾನುವಾರವೇ ನಾನು ಭಾಂಡುಪಿಗೆ ಹೋದೆ. ಅವಳ ಮುಖದ ಮೇಲೆ ಇದನ್ನು ಎಸೆದು ಬರಬೇಕೆಂದೇ ಹೋದೆ. ತುಂಗಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ಅವತ್ತು. ಶೆಡ್ಡು ಅದೇ. ಅವಳಿಗೆ ಮೊಣಕಾಲು ಹೋಗಿ, ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದಳು. ಮೈ ಬತ್ತಿತ್ತು. ಎದುರಿಗೆ ನೆಲದ ಮೇಲೆ ಹೊಸ ಹುಡುಗಿಯರು ಕೂತಿದ್ದರು; ಅವಳು ಕಥೆ ಹೇಳುತ್ತಿದ್ದಳು. ಆ ಇಂಗ್ಲಿಷ್ ಪಿಕ್ಚರು ಬರುವುದು ನಿಂತಿತ್ತೋ ಅಥವಾ ಅವಳಿಗೆ ಫೋರ್ಟಿನವರೆಗೆ ಹೋಗುವ ಶಕ್ತಿ ಇರಲಿಲ್ಲವೋ, ಅಂತೂ ಕಥೆಯೊಳಗೆ ಈಗ ಅಮೇರಿಕಾ ಇರಲಿಲ್ಲ.

“ದಹಿಸರದಾಕಿ. ನಿಮ್ಮಂಗ ಹಿಂದಿನ ಸಾಲಿನ್ಯಾಕಿ. ಹೀರೋಯಿನ್ ಕಾಲ ಉಳುಕಿತು. ಎಲ್ಲಾರೂ ತಲೀ ಮ್ಯಾಲ ಕೈ ಹೊತ್ತ ಕುಂತ್ರು. ಆಗ ಕರದ್ರು ನೋಡ್ರಿ ನಮ್ಮ ಲೀಲಾನ! ಆಕಿ ಕುಣದ್ಲು ಅಂದ್ರ ದೀಪ ಹಿಡದವರ ಸೈತ ಚಪ್ಪಾಳಿ ಹೊಡದ್ರು.”

ಹುಡುಗಿಯರ ಬಾಯಿ ತೆರೆದೇ ಇತ್ತು. ಅವರಲ್ಲಿ ಒಬ್ಬಳು, ಹುಬ್ಬಿನ ಮೇಲೆ ಹಳೆಯ ಗಾಯದ ಕಲೆಯಿದ್ದ ಕಪ್ಪು ಹುಡುಗಿ, ಕೇಳಿದಳು:

“ಫಿರ್ ಈಗ ಆಕಿ ಎಲ್ಲದಾಳ್ರಿ?”

ತುಂಗಕ್ಕ ತಲೆ ಎತ್ತಿದವಳು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಕಣ್ಣು ಕದಲಿಸಲಿಲ್ಲ.

“ಸಂಸಾರಸ್ಥಳಾಗ್ಯಾಳ. ಆಕೀಗೆ ಇನ್ನ ಕುಣಿಯೋ ಗರಜ ಇಲ್ಲ.”

ನನಗೆ ತಡೆಯಲು ಆಗಲಿಲ್ಲ. ಒಳಗೆ ಹೋಗಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಲೀಲಾಳ ಮುಖ ಬಂದಿತ್ತು, ಇದೇ ಕೈ ಮೇಲೆದ್ದು ಅದನ್ನು ಅಳಿಸಿತು ಎಂದೆ. ಪಿನ್ನು ಚುಚ್ಚಿದ್ದು, ಸಿನಿಮಾದಲ್ಲಿ ಬರೀ ಕಾಲು ಬಂದದ್ದು, ಸೋದರಮಾವ, ಟೆಂಟಿನಲ್ಲಿ ನಕ್ಕ ಜನ, ಕಿವುಡಾದ ಕಿವಿ, ಒಂದನ್ನೂ ಬಿಡಲಿಲ್ಲ. ತುಂಗಕ್ಕ ನನ್ನನ್ನು ತಡೆಯಲಿಲ್ಲ. ಕಿವಿಯ ಮಾತು ಬಂದಾಗ ಮಾತ್ರ ಅವಳ ಬೆತ್ತ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವಳು ಬಗ್ಗಲಿಲ್ಲ. ಬಗ್ಗಲು ಬರುತ್ತಿರಲಿಲ್ಲವೋ ಏನೋ. ಅವಳಿಗೆ ನೋವಾಯಿತು ಎಂದು ನನಗೆ ಸಮಾಧಾನವಾಯಿತು.

ಇನ್ನು ಈ ಹುಡುಗಿಯರು ಎದ್ದು ಮನೆಗೆ ಹೋಗುತ್ತಾರೆ ಎಂದುಕೊಂಡೆ. ಹುಬ್ಬಿನ ಮೇಲೆ ಕಲೆಯಿದ್ದ ಹುಡುಗಿ ಎದ್ದು ನನ್ನ ಹತ್ತಿರ ಬಂದಳು.

“ಅಕ್ಕಾ, ಆದ್ರ ಕರದಿದ್ದು ಖರೆ ಹೌದಲ್ರಿ? ಹೀರೋಯಿನ್ ಡ್ರೆಸ್ಸ ಹಾಕ್ಸಿದ್ದು, ಚಪ್ಪಾಳಿ ಹೊಡದಿದ್ದು?”

ಸುಳ್ಳು ಹೇಳಬಹುದಿತ್ತು. ಆದರೆ ಆ ಚಪ್ಪಾಳೆ ನಾನೇ ಕೇಳಿದ್ದೆ.

“ಹೌದು,” ಎಂದೆ. “ಕರೆದಿದ್ದು ನಿಜ.”

ಅವಳು ಓಢಣಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡಳು. ಹೋಗಿ ಹಿಂದಿನ ಸಾಲಿನಲ್ಲಿ ನಿಂತಳು. ಅವಳ ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಜಾಗ ಹಿಡಿದರು. ತುಂಗಕ್ಕ ಇನ್ನೂ ಶುರು ಎಂದಿರಲಿಲ್ಲ.